ಸೋಲಾರ್ ಓವರ್‌ಲೋಡ್ ಆದಾಗ ಸುಡುವುದು ಯಾವುದು?

ಹೋದ ಆಷಾಢದಲ್ಲಿ ಸಕಲೇಶಪುರದ ಆಚೆ ಹೆತ್ತೂರು ಕಡೆಯಿಂದ ಭಾವ ಫೋನ್ ಮಾಡಿದ್ದರು. ಮರ ಬಿದ್ದು ಲೈನ್ ಹರಿದು ಎಂಟು ದಿನವಾಗಿತ್ತು. “ಪ್ಯಾನೆಲ್ ಹೋಯಿತು ಮಾರಾಯ. ಲೋಡ್ ತಡೆಯಲಾರದೆ ಸುಟ್ಟಿರಬೇಕು. ಹಾಸನದಲ್ಲಿ ಹೊಸದಕ್ಕೆ ಎಷ್ಟು ಹೇಳುತ್ತಾರೆ ವಿಚಾರಿಸು” ಎಂದರು. ನಾನು ವಿಚಾರಿಸಲಿಲ್ಲ. ಮೀಟರ್ ಹಿಡಿದುಕೊಂಡು ಬಸ್ ಹತ್ತಿದೆ.

ಹೆಂಚಿನ ಮಾಡಿನ ಮೇಲೆ ಎರಡು ಪ್ಯಾನೆಲ್‌ಗಳು ಮಳೆಯಲ್ಲಿ ಮಿಂದು ತಣ್ಣಗೆ ಕುಳಿತಿದ್ದವು. ಮಳೆ ಸ್ವಲ್ಪ ಹೊಳವಾದಾಗ ಅಳೆದು ನೋಡಿದೆ. ಆ ಮಬ್ಬು ಬೆಳಕಿಗೆ ಎಷ್ಟು ಕೊಡಬೇಕೋ ಅಷ್ಟನ್ನು ಕೊಡುತ್ತಲೇ ಇದ್ದವು. ಒಳಗೆ ಬಂದು ಬ್ಯಾಟರಿಗೆ ಹೈಡ್ರೋಮೀಟರ್ ಅದ್ದಿದರೆ 1.24ರ ಆಸುಪಾಸು ಇರಬೇಕಾದ ಆಸಿಡ್ ಸಾಂದ್ರತೆ 1.12ಕ್ಕೆ ಇಳಿದಿತ್ತು, ಅಂದರೆ ಪೂರ್ತಿ ಖಾಲಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ದಪ್ಪ ತಂತಿಯ ತುದಿಯಲ್ಲಿ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಪ್ಯಾನೆಲ್‌ಗೆಂದು ತೆಗೆದಿಟ್ಟ ದುಡ್ಡು ಉಳಿಯಿತು. ಆಮೇಲೆ ಬ್ಯಾಟರಿಗೆ ಹೋಯಿತು, ಆ ಮಾತು ಬೇರೆ.

“ಸೋಲಾರ್ ಓವರ್‌ಲೋಡ್ ಆಗಿದೆ” ಎಂಬ ಮಾತನ್ನು ಕಡೂರಿನ ಬಯಲಿನಲ್ಲೂ ಕೇಳಿದ್ದೇನೆ, ಮೂಡಿಗೆರೆಯ ತೋಟದ ಮನೆಗಳಲ್ಲೂ ಕೇಳಿದ್ದೇನೆ. ಕೆಮ್ಮು, ಜ್ವರ, ಮೈಕೈ ನೋವು ಎಲ್ಲಕ್ಕೂ ‘ಶೀತ’ ಎಂದು ಹೇಳಿಬಿಡುವ ಹಾಗೆ, ಬೇರೆ ಬೇರೆ ಮೂರು ನಾಲ್ಕು ತೊಂದರೆಗಳಿಗೆ ನಾವು ಇದೊಂದೇ ಹೆಸರಿಟ್ಟಿದ್ದೇವೆ. ಅವುಗಳಲ್ಲಿ ಪ್ಯಾನೆಲ್ ಸುಡುವುದು ಅಪರೂಪ, ಅದೂ ಮನೆಯ ಲೋಡಿನಿಂದ ಸುಡುವುದಿಲ್ಲ.

ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತಂದುಕೊಂಡವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಪ್ಯಾನೆಲ್ ಎಂದರೆ ಅಬ್ಬಿ. ಕೆಳಗೆ ಒಂದು ನಲ್ಲಿ ತೆರೆದರೂ ಹತ್ತು ತೆರೆದರೂ ಅಬ್ಬಿ ತನ್ನಲ್ಲಿ ಇದ್ದಷ್ಟನ್ನೇ ಕೊಡುತ್ತದೆ. ಹತ್ತನ್ನೂ ಒಟ್ಟಿಗೆ ತೆರೆದರೆ ಎಲ್ಲ ನಲ್ಲಿಯಲ್ಲೂ ನೀರು ಸಣ್ಣದಾಗುತ್ತದೆ, ಒತ್ತಡ ಬೀಳುತ್ತದೆ, ಮೇಲಿನ ಅಬ್ಬಿಗೆ ಏನೂ ಆಗುವುದಿಲ್ಲ.

ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಈ ಗುಣ ಅಂಕಿಗಳಲ್ಲಿಯೇ ಇದೆ. ಈಗ ಮನೆಗಳ ಮೇಲೆ ಹೆಚ್ಚಾಗಿ ಕಾಣುವ 540 ವ್ಯಾಟ್ ಪ್ಯಾನೆಲ್ ತೆಗೆದುಕೊಳ್ಳಿ. ಒಳ್ಳೆಯ ಬಿಸಿಲಿನಲ್ಲಿ ಅದು ಚೆನ್ನಾಗಿ ದುಡಿಯುವಾಗ ಸುಮಾರು 41 ವೋಲ್ಟ್‌ಗೆ 13 ಆಂಪಿಯರ್ ಕೊಡುತ್ತದೆ. ಅದರ ಎರಡೂ ತಂತಿಗಳನ್ನು ನೇರವಾಗಿ ಒಂದಕ್ಕೊಂದು ಕೂಡಿಸಿಬಿಟ್ಟರೆ, ಅಂದರೆ ಅದಕ್ಕಿಂತ ದೊಡ್ಡ ಲೋಡ್ ಇರಲು ಸಾಧ್ಯವೇ ಇಲ್ಲ ಎನ್ನುವಂತೆ ಮಾಡಿದರೆ, ಹರಿಯುವುದು ಬರೀ 14 ಆಂಪಿಯರ್ ಹತ್ತಿರ. ಅದೇ ಕೆಲಸವನ್ನು ಕಾರಿನ ಬ್ಯಾಟರಿಯ ಮೇಲೆ ಮಾಡಿದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗಾಗುತ್ತದೆ. ಪ್ಯಾನೆಲ್ ತನ್ನ ಮೇಲೆ ಬೀಳುವ ಬೆಳಕಿಗೆ ಮೀರಿ ಒಂದು ಹನಿಯನ್ನೂ ಕೊಡಲಾರದು. ಅದೇ ಅದಕ್ಕೆ ರಕ್ಷಣೆ. ಹಾಗೆಂದು ಯಾರೂ ಕೈಯಲ್ಲಿ ತಂತಿ ಕೂಡಿಸಿ ಪರೀಕ್ಷೆ ಮಾಡಬೇಡಿ. ಕೂಡಿಸುವಾಗಿನ ಕಿಡಿಗಿಂತ ಬಿಡಿಸುವಾಗ ಹುಟ್ಟುವ ಕಿಡಿ ಅಪಾಯದ್ದು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ತಾನಾಗಿ ಆರುತ್ತದೆ. ಪ್ಯಾನೆಲ್‌ನಿಂದ ಬರುವ ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಹೊತ್ತಿಕೊಂಡರೆ ಉರಿಯುತ್ತಲೇ ಇರುತ್ತದೆ. ಪ್ಯಾನೆಲ್ ಕಡೆಗೆ ಮಾಮೂಲಿ ಎಸಿ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್) ಹಾಕಬಾರದು, ಡಿಸಿ ಎಂದೇ ಬರೆದದ್ದನ್ನು ಹಾಕಬೇಕು ಎನ್ನುವುದು ಈ ಕಾರಣಕ್ಕೆ.

ನಂಬಿಕೆ ಬಾರದವರು ಅರಸೀಕೆರೆ ಅಥವಾ ಅಜ್ಜಂಪುರದ ಕಡೆ ಸೋಲಾರ್ ಪಂಪ್‌ಸೆಟ್ ಇರುವ ಹೊಲಕ್ಕೆ ಹೋಗಿ ಅರ್ಧ ಗಂಟೆ ನಿಲ್ಲಬಹುದು. ಅಲ್ಲಿ ಬ್ಯಾಟರಿ ಇರುವುದಿಲ್ಲ. 5 ಎಚ್‌ಪಿ ಮೋಟರಿಗೆ ಸುಮಾರು 4,800 ವ್ಯಾಟ್ ಪ್ಯಾನೆಲ್ ನೇರವಾಗಿ ಜೋಡಿಸಿರುತ್ತಾರೆ, ನಡುವೆ ಒಂದು ನಿಯಂತ್ರಕ ಮಾತ್ರ. ಮೋಡ ಅಡ್ಡ ಬಂದ ಕೂಡಲೇ ಮೋಟರಿನ ವೇಗ ಇಳಿಯುತ್ತದೆ, ನೀರು ಸಣ್ಣದಾಗುತ್ತದೆ, ಮೋಡ ಸರಿದರೆ ಮತ್ತೆ ಭೋರೆನ್ನುತ್ತದೆ. ದಿನಕ್ಕೆ ಹತ್ತಾರು ಸಲ ಆ ಪ್ಯಾನೆಲ್‌ಗಳ ಮೇಲೆ ಅವುಗಳ ಶಕ್ತಿಗೆ ಮೀರಿದ ಲೋಡ್ ಬಿದ್ದು ಹೋಗುತ್ತದೆ. ಒಂದೂ ಸುಡುವುದಿಲ್ಲ.

ಹಾಗಾದರೆ ಪೆಟ್ಟು ತಿನ್ನುವುದು ಯಾರು? ಅಬ್ಬಿಯ ನೀರು ತುಂಬುವ ತೊಟ್ಟಿ, ಆ ತೊಟ್ಟಿಯಿಂದ ಮನೆಗೆ ನೀರು ಎತ್ತುವ ಪಂಪು, ನಡುವಿನ ಪೈಪು. ಬ್ಯಾಟರಿ, ಇನ್ವರ್ಟರ್, ತಂತಿ.

ಇನ್ವರ್ಟರಿನ ಮೇಲೆ 850 ವಿಎ (ವೋಲ್ಟ್ ಆಂಪಿಯರ್) ಎಂದು ಬರೆದಿರುತ್ತದೆ. ಅದನ್ನು 850 ವ್ಯಾಟ್ ಎಂದು ಓದಿಕೊಳ್ಳುವುದು ಮೊದಲ ತಪ್ಪು. ಅದು ಹೊರುವುದು ಸುಮಾರು 680 ವ್ಯಾಟ್. ಎರಡನೆಯ ತಪ್ಪು, ಯಂತ್ರಗಳು ಓಡುವಾಗ ತಿನ್ನುವುದನ್ನು ಮಾತ್ರ ಲೆಕ್ಕ ಹಾಕುವುದು. ಅರ್ಧ ಎಚ್‌ಪಿ ನೀರಿನ ಪಂಪು ಓಡುವಾಗ 550 ವ್ಯಾಟ್ ಆಸುಪಾಸು ಎಳೆಯುತ್ತದೆ. ಹೊರಡುವ ಆ ಕ್ಷಣದಲ್ಲಿ ಅದು ಕೇಳುವ ಕರೆಂಟ್ ಐದಾರು ಪಟ್ಟು. ಎತ್ತಿನ ಗಾಡಿಯನ್ನು ನಿಂತಲ್ಲಿಂದ ಕದಲಿಸುವಾಗ ಎತ್ತು ಮೊಣಕಾಲೂರಿ ಎಳೆಯುತ್ತದೆ, ಹೊರಟ ಮೇಲೆ ಸಲೀಸು. ಫ್ರಿಜ್ ಕೂಡ ಹಾಗೆಯೇ: ಓಡುವಾಗ ಸಾಧುಪ್ರಾಣಿ, ಕಂಪ್ರೆಸರ್ ಹೊರಡುವಾಗ ಮಾತ್ರ ಇಡೀ ಮನೆಯ ದೀಪಗಳನ್ನು ಒಮ್ಮೆ ಮಿಣುಕಿಸುತ್ತದೆ. ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಗೀಸರ್ ಇವುಗಳಿಗೆ ಇಂಥ ಜಿಗಿತವಿಲ್ಲ, ಆದರೆ ಸಾವಿರದಿಂದ ಎರಡು ಸಾವಿರ ವ್ಯಾಟ್ ಸತತವಾಗಿ ಬೇಡುತ್ತವೆ. ಬಚ್ಚಲಲ್ಲಿ ಹಂಡೆ, ಪಕ್ಕದಲ್ಲಿ ಸೌದೆಯ ರಾಶಿ ಇರುವ ಮನೆಯಲ್ಲಿ ಗೀಸರನ್ನು ಇನ್ವರ್ಟರಿಗೆ ಕೊಟ್ಟದ್ದನ್ನು ಕಂಡಿದ್ದೇನೆ. ಕೇಳಿದರೆ “ಬಿಸಿಲು ಪುಕ್ಕಟೆ ತಾನೆ” ಎಂದರು.

ಒಳ್ಳೆಯ ಇನ್ವರ್ಟರ್ ಇಂಥ ಹೊತ್ತಿನಲ್ಲಿ ಕೀಂ ಕೀಂ ಎಂದು ಕೂಗುತ್ತದೆ, ಕೇಳದಿದ್ದರೆ ತಾನೇ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಕೆಲಸ ಮಾಡುತ್ತಿದೆ ಎಂದರ್ಥ. ಅನಾಹುತ ಶುರುವಾಗುವುದು ಆಮೇಲೆ, ಪದೇ ಪದೇ ಆಫ್ ಆಗುತ್ತದೆ ಎಂದು ಯಾರೋ ದೊಡ್ಡ ಫ್ಯೂಸ್ ಹಾಕಿಕೊಟ್ಟಾಗ ಅಥವಾ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದಾಗ. ಭಾವನ ಮನೆಯಲ್ಲೂ ಹಾಗೆಯೇ ಆಗಿತ್ತು. ಪೇಟೆಯಿಂದ ಬಂದ ಹುಡುಗನೊಬ್ಬ ‘ಸರಿ ಮಾಡಿ’ ಹೋಗಿದ್ದನಂತೆ.

ಆ ಕರಗಿದ ತಂತಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಡೆಯ ಸಾಕೆಟ್ಟಿನಲ್ಲಿ 680 ವ್ಯಾಟ್ ಎಂದರೆ ಮೂರು ಆಂಪಿಯರ್, ಸಾಧಾರಣ ತಂತಿ ಸಾಕು. ಆದರೆ ಆ 680 ವ್ಯಾಟನ್ನು ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯಿಂದ ಎಳೆಯಬೇಕು. ತನ್ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಅಲ್ಲಿ ಹರಿಯುವುದು 70 ಆಂಪಿಯರ್ ಹತ್ತಿರ. ಬ್ಯಾಟರಿಯ ತಲೆಗೆ ಬಿಗಿಯುವ ಲಗ್ ಸ್ವಲ್ಪ ಸಡಿಲವಾಗಿದೆ ಅಥವಾ ಅಲ್ಲಿ ಬಿಳಿ ಹಸಿರು ಪುಡಿ ಕಟ್ಟಿದೆ ಎಂದುಕೊಳ್ಳಿ. ಆ ಜಾಗದಲ್ಲಿ ಓಮ್‌ನ ನೂರರಲ್ಲಿ ಒಂದು ಭಾಗದಷ್ಟು ತಡೆ ಇದ್ದರೂ 70 ಆಂಪಿಯರ್ ಹರಿದಾಗ ಹುಟ್ಟುವ ಬಿಸಿ 49 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥ ಎರಡು ಕಡ್ಡಿಗಳನ್ನು ಬ್ಯಾಟರಿಯ ತಲೆಯ ಮೇಲೆ ಉರಿಯಲು ಬಿಟ್ಟಂತೆ. ಮಲೆನಾಡಿನ ತೇವದಲ್ಲಿ ಲಗ್ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ದೊಡ್ಡ ಲೋಡ್ ಹಾಕಿ ಹತ್ತು ನಿಮಿಷವಾದ ಮೇಲೆ ತಂತಿಯ ರಬ್ಬರಿನ ಮೇಲೆ ಕೈಯ ಹಿಂಬದಿ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಬಿಸಿ ಚುರುಕೆಂದರೆ ಆಫ್ ಮಾಡಿ, ಲಗ್ ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿ. ತಂತಿಯೇ ತೆಳುವಾಗಿದ್ದರೆ ಬದಲಾಯಿಸದೆ ದಾರಿಯಿಲ್ಲ.

ಇನ್ನು ತೊಟ್ಟಿಯ ವಿಚಾರ. ಇನ್ವರ್ಟರ್ ಒಂದು ಕ್ಷಣದ ಹೊರೆಗೆ ಬೀಳುತ್ತದೆ, ಬ್ಯಾಟರಿ ಬೀಳುವುದು ದಿನಗಟ್ಟಲೆಯ ಹೊರೆಗೆ. ಒಂದು ಸಲಕ್ಕೂ ಇನ್ವರ್ಟರ್ ಕೂಗದಂತೆ ಮನೆ ನಡೆಸಿಯೂ ಬ್ಯಾಟರಿಯನ್ನು ಕೊಂದುಬಿಡಬಹುದು. ಭಾವನ ಬ್ಯಾಟರಿಯನ್ನು ನಿಜವಾಗಿ ಕೊಂದದ್ದು ಈ ದಿನಗಟ್ಟಲೆಯ ಹೊರೆ.

ಅವರದು 165 ವ್ಯಾಟಿನ ಎರಡು ಪ್ಯಾನೆಲ್, 150 ಎಎಚ್‌ನ (ಆಂಪಿಯರ್ ಅವರ್) ಒಂದು ಟ್ಯೂಬುಲರ್ ಬ್ಯಾಟರಿ. ಹಾಕಿಸಿದ ವರ್ಷ ಮನೆಯಲ್ಲಿ ಇದ್ದದ್ದು ಆರು ಬಲ್ಬು. ಆಮೇಲೆ ಟಿವಿ ಬಂತು, ಮಗನ ಓದಿಗೆ ವೈಫೈ ಬಂತು, ಮಿಕ್ಸಿಯ ಪ್ಲಗ್ಗೂ ಅದೇ ಬೋರ್ಡಿಗೆ ಬಂತು. ಕೂಡಿಸಿದೆವು. ಒಂಬತ್ತು ವ್ಯಾಟಿನ ಆರು ಬಲ್ಬು ಐದು ಗಂಟೆ, 270. ಎಂಬತ್ತು ವ್ಯಾಟಿನ ಟಿವಿ ನಾಲ್ಕು ಗಂಟೆ, 320. ಹತ್ತೇ ವ್ಯಾಟಿನ ವೈಫೈ ಡಬ್ಬಿ ಹಗಲು ರಾತ್ರಿ ಎನ್ನದೆ ಉರಿದು 240. ಮಿಕ್ಸಿ ಹತ್ತು ನಿಮಿಷಕ್ಕೆ 125. ಮೊಬೈಲುಗಳಿಗೆ 50. ಒಟ್ಟು 1,005 ವ್ಯಾಟ್ ಅವರ್, ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್. ಎಲ್ಲರೂ ಬೈಯುತ್ತಿದ್ದ ಮಿಕ್ಸಿ ತಿನ್ನುವುದು ವೈಫೈ ತಿನ್ನುವುದರ ಅರ್ಧ ಎಂದಾಗ ಅಕ್ಕ ಮಗನ ಕಡೆ ನೋಡಿದ ನೋಟ ನನಗಿನ್ನೂ ನೆನಪಿದೆ.

ಈಗ ಆದಾಯ. ಮಾರ್ಚ್ ತಿಂಗಳಿನಲ್ಲಿ ದಿನವಿಡೀ ಬಿದ್ದ ಬಿಸಿಲನ್ನು ಒಟ್ಟುಗೂಡಿಸಿದರೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿಯಬಹುದು. 330 ವ್ಯಾಟ್ ಐದು ಗಂಟೆ ದುಡಿದರೆ 1,650. ಪ್ಯಾನೆಲ್ ಕಾದಾಗ ಸ್ವಲ್ಪ ಹೋಗುತ್ತದೆ, ಚಾರ್ಜ್ ಆಗುವಾಗ ಸ್ವಲ್ಪ, ಇನ್ವರ್ಟರಿನಲ್ಲಿ ಇನ್ನು ಸ್ವಲ್ಪ. ಕೈಗೆ ಸಿಗುವುದು ನೂರಕ್ಕೆ ಅರವತ್ತೈದರಷ್ಟು, ಸುಮಾರು 1,070. ಖರ್ಚು 1,005. ಬೇಸಿಗೆಯಲ್ಲಿ ಹೇಗೋ ತಳ್ಳಿಕೊಂಡು ಹೋಗುತ್ತಿತ್ತು ಎನ್ನುವುದಕ್ಕೆ ಕಾರಣ ಸಿಕ್ಕಿತು. ಆದರೆ ಆಷಾಢದ ಮಬ್ಬಿನಲ್ಲಿ ಪೂರ್ಣ ಬಿಸಿಲಿನ ಎರಡು ಗಂಟೆಗೆ ಸಮನಾದ ಬೆಳಕು ಸಿಕ್ಕರೂ ಪುಣ್ಯ. ಆಗ ಆದಾಯ 430. ದಿನಕ್ಕೆ 575 ಸಾಲ.

12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇದೆ ಎನ್ನುವುದು ಕಾಗದದ ಲೆಕ್ಕ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಮಾತ್ರ ಅದು ಬಹಳ ಕಾಲ ಬಾಳುತ್ತದೆ, ಆದ್ದರಿಂದ ಬಳಸಬೇಕಾದದ್ದು 900. ದಿನಕ್ಕೆ 575ರಂತೆ ಸಾಲ ಎತ್ತಿದರೆ ಎರಡನೆಯ ಸಂಜೆಗೆ ಗಡಿ ದಾಟಿತು, ನಾಲ್ಕನೆಯ ದಿನ ತಳದ ಕೆಸರು. ಖಾಲಿ ಬ್ಯಾಟರಿಯನ್ನು ತಕ್ಷಣ ತುಂಬಿಸಿದರೆ ಬದುಕಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಅದು ಕರಗುವುದಿಲ್ಲ. ತೊಟ್ಟಿ ಹೊರಗಿನಿಂದ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಒಳಗೆ ಮುಕ್ಕಾಲು ಹೂಳು. ಗಣಪತಿ ಹಬ್ಬದ ಹೊತ್ತಿಗೆ ಬಿಸಿಲು ಮೂಡಿದಾಗ “ಬೆಳಗ್ಗೆ ಹತ್ತಕ್ಕೇ ಬ್ಯಾಟರಿ ಫುಲ್ ತೋರಿಸುತ್ತದೆ, ರಾತ್ರಿ ಎಂಟಕ್ಕೆ ಕೂಗುತ್ತದೆ” ಎಂದು ಹೇಳುವವರ ಬ್ಯಾಟರಿಗಳದ್ದೆಲ್ಲ ಬಹುಮಟ್ಟಿಗೆ ಇದೇ ಕಥೆ.

ಇದಕ್ಕೆ ಮದ್ದು ಬೇಸಿಗೆಯ ಲೆಕ್ಕವನ್ನು ಬಿಟ್ಟು ಮಳೆಗಾಲದ ಲೆಕ್ಕ ಹಾಕುವುದು. ಬಯಲುಸೀಮೆಯ ಕಡೂರಿಗೆ ಹೊಂದುವ ಅಳತೆಯನ್ನೇ ಕೊಪ್ಪ, ಶೃಂಗೇರಿಗೆ ತಂದು ಮಾರುವವರಿದ್ದಾರೆ. ಎರಡೂ ಒಂದೇ ಜಿಲ್ಲೆ, ಆದರೆ ಜುಲೈ ತಿಂಗಳಿನಲ್ಲಿ ಅಲ್ಲಿನ ಆಕಾಶ ಬೇರೆ, ಇಲ್ಲಿನದು ಬೇರೆ. ಲೈನ್ ಕರೆಂಟ್ ಬಂದಾಗಲೆಲ್ಲ ಅದರಿಂದಲೂ ಬ್ಯಾಟರಿ ತುಂಬಿಸಿಕೊಳ್ಳುವಂತೆ ಇನ್ವರ್ಟರನ್ನು ಹೊಂದಿಸಿಡುವುದು ಮಲೆನಾಡಿನಲ್ಲಿ ಅಗತ್ಯ. ಬಿಲ್ ಉಳಿಸಲೆಂದು ಆ ಸ್ವಿಚ್ಚನ್ನು ಆಫ್ ಮಾಡಿಟ್ಟುಕೊಂಡು ವರ್ಷಕ್ಕೆ ಹತ್ತು ಯೂನಿಟ್ ಉಳಿಸಿ, ಎರಡು ವರ್ಷಕ್ಕೊಂದು ಬ್ಯಾಟರಿ ಕೊಳ್ಳುವವರನ್ನು ನೋಡಿದ್ದೇನೆ. ಒಂದು ಅಗ್ಗದ ವೋಲ್ಟ್‌ಮೀಟರನ್ನು ಗೋಡೆಗೆ ಹಾಕಿಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮುಂಚೆ, ಲೋಡ್ ಏನೂ ಇಲ್ಲದಾಗ ನೋಡಿದರೆ 12.7 ಎಂದರೆ ತುಂಬಿದೆ, 12.2 ಎಂದರೆ ಅರ್ಧ. ಅದಕ್ಕಿಂತ ಕೆಳಗೆ ಬಂದರೆ ಆ ದಿನ ಟಿವಿಗೆ ರಜೆ.

ಪ್ಯಾನೆಲ್ ಸುಡುವುದೇ ಇಲ್ಲವೇ ಎಂದರೆ, ಸುಡುತ್ತದೆ. ಅದಕ್ಕೆ ಕಾರಣ ಮಾಡಿನ ಮೇಲೆಯೇ ಇರುತ್ತದೆ: ನೆರಳು. ಅಬ್ಬಿಯ ಉಪಮೆ ಇಲ್ಲಿ ಕೈಕೊಡುತ್ತದೆ, ಬೇರೆ ಹೇಳುತ್ತೇನೆ. ಭಾವನ ಮನೆಯಂಥ ಸಣ್ಣ ಪ್ಯಾನೆಲ್‌ನಲ್ಲಿ 36 ಬಿಲ್ಲೆಗಳು (ಸೆಲ್) ಒಂದರ ಬಾಲಕ್ಕೆ ಒಂದು ಎಂಬಂತೆ ಸಾಲಾಗಿ ಜೋಡಣೆಯಾಗಿವೆ. ಕಣದಿಂದ ಗೋದಾಮಿಗೆ ಮೂವತ್ತಾರು ಜನ ಸಾಲಾಗಿ ನಿಂತು ಕಾಫಿಯ ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ ಎಂದುಕೊಳ್ಳಿ. ನಡುವೆ ಒಬ್ಬನು ನಿಧಾನವಾದರೆ ಸಾಲು ಪೂರ್ತಿ ಅವನ ವೇಗಕ್ಕೆ ಇಳಿಯುತ್ತದೆ, ಹಿಂದಿನವರ ಒತ್ತಡವೆಲ್ಲ ಅವನ ಮೇಲೆ. ಒಂದು ಬಿಲ್ಲೆಯ ಮೇಲೆ ಸಿಲ್ವರ್ ಮರದ ಎಲೆ ಬಿದ್ದು ಅಂಟಿಕೊಂಡರೆ ಅಥವಾ ಕಾಗೆ ಹಿಕ್ಕೆ ಹಾಕಿದರೆ ಅದು ಕರೆಂಟ್ ಹುಟ್ಟಿಸುವುದನ್ನು ನಿಲ್ಲಿಸಿ, ಉಳಿದವು ಹುಟ್ಟಿಸಿದ್ದನ್ನು ತಿನ್ನತೊಡಗುತ್ತದೆ. ತಿಂದದ್ದು ಬಿಸಿಯಾಗುತ್ತದೆ. ಗಾಜಿನ ಕೆಳಗೆ ಕಂದು ಕಲೆ ಮೂಡುತ್ತದೆ, ಬೆನ್ನಿನ ಹಾಳೆ ಉಬ್ಬುತ್ತದೆ, ಕೆಲವೊಮ್ಮೆ ಗಾಜು ಸೀಳುತ್ತದೆ.

ಇದನ್ನು ತಡೆಯಲು ಬೆನ್ನಿನ ಡಬ್ಬಿಯಲ್ಲಿ ಬೈಪಾಸ್ ಡಯೋಡುಗಳಿರುತ್ತವೆ. ಸಾಲಿನ ಒಂದು ತುಂಡನ್ನೇ ಬಿಟ್ಟು ಬಳಸುದಾರಿಯಲ್ಲಿ ಕರೆಂಟನ್ನು ದಾಟಿಸುವುದು ಅವುಗಳ ಕೆಲಸ. ಸಣ್ಣ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಅಂಥವು ಎರಡು, ಹಾಗಾಗಿ ಒಂದೇ ಎಲೆಗೆ ಅರ್ಧ ಪ್ಯಾನೆಲ್ ಲೆಕ್ಕದಿಂದ ಹೋಗುತ್ತದೆ. ಉಳಿದ ಅರ್ಧದ ಒಂಬತ್ತು ವೋಲ್ಟಿನಿಂದ 12 ವೋಲ್ಟಿನ ಬ್ಯಾಟರಿಗೆ ಕರೆಂಟ್ ಏರುವುದಿಲ್ಲ. ತೋಟದಲ್ಲಿ ಮರಗಸಿ ಮಾಡಿಸುವಾಗ ಕಾಫಿಗೆ ಬೇಕಾದ ಬೆಳಕಿನ ಜೊತೆ ಮಾಡಿನ ಬೆಳಕನ್ನೂ ನೋಡಿಕೊಂಡು ಎರಡು ಕೊಂಬೆ ಹೆಚ್ಚು ಕಡಿಸಿದರೆ, ಅದು ಹೊಸ ಪ್ಯಾನೆಲ್ ಕೊಳ್ಳುವುದಕ್ಕಿಂತ ಲಾಭ. ಮಳೆ ತೊಳೆಯುತ್ತದೆ ಎಂದು ಬಿಟ್ಟುಬಿಡಬೇಡಿ. ಕೆಳಗಿನ ಚೌಕಟ್ಟಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುವುದೂ ಮಳೆಯಿಂದಲೇ. ಬೆಳಗಿನ ತಂಪಿನಲ್ಲಿ ನೀರು, ಮೆತ್ತನೆಯ ಬಟ್ಟೆ ಸಾಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚುವುದು ಒಳ್ಳೆಯದಲ್ಲ.

ಲೋಡ್ ಜಾಸ್ತಿಯಾಯಿತೆಂದು ಪ್ಯಾನೆಲ್ ಹೆಚ್ಚಿಸಲು ಹೊರಡುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಅಬ್ಬಿಗಳು ಹೆಚ್ಚಾಗಿ ಪೈಪಿಗೆ ಹೊರೆಯಾಗುವ ಬಗೆ ಇದು. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನಿಭಾಯಿಸುವ ಡಬ್ಬಿಯೇ ಕಂಟ್ರೋಲರ್. ಪಿಡಬ್ಲ್ಯುಎಂ ಎಂಬ ಮಾದರಿಯ ಹಳೆಯ 12 ವೋಲ್ಟಿನ ಕಂಟ್ರೋಲರಿಗೆ ಹೊಸ 540 ವ್ಯಾಟ್ ಪ್ಯಾನೆಲ್ ಸಿಕ್ಕಿಸಿದರೆ, ಕಂಟ್ರೋಲರ್ ಉಳಿದುಕೊಂಡರೂ ಸಿಗುವುದು 180 ವ್ಯಾಟ್ ಹತ್ತಿರ ಮಾತ್ರ. ಏಕೆಂದರೆ ಅದು ಪ್ಯಾನೆಲ್‌ನ 41 ವೋಲ್ಟನ್ನು ಬ್ಯಾಟರಿಯ 13–14 ವೋಲ್ಟಿಗೆ ಎಳೆದು ಕೂರಿಸುತ್ತದೆ, ಆಂಪಿಯರ್ ಹೆಚ್ಚಾಗುವುದಿಲ್ಲ. ಎಂಪಿಪಿಟಿ ಮಾದರಿಯದು ವೋಲ್ಟನ್ನು ಆಂಪಿಯರ್ ಆಗಿ ಚಿಲ್ಲರೆ ಮಾಡಿಕೊಡುತ್ತದೆ. ಅದರ ಸಾಮರ್ಥ್ಯಕ್ಕಿಂತ ಕಾಲು ಭಾಗ ಹೆಚ್ಚು ವ್ಯಾಟಿನ ಪ್ಯಾನೆಲ್ ಇದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ಬೇಡವಾದದ್ದನ್ನು ಅದು ತೆಗೆದುಕೊಳ್ಳುವುದೇ ಇಲ್ಲ.

ವೋಲ್ಟ್ ಮಿತಿ ಮಾತ್ರ ಕಲ್ಲಿನ ಗೆರೆ. 540 ವ್ಯಾಟ್ ಪ್ಯಾನೆಲ್‌ನ ತೆರೆದ ತುದಿಯ, ಅಂದರೆ ಲೋಡ್ ಏನೂ ಇಲ್ಲದಾಗಿನ, ವೋಲ್ಟೇಜ್ ಸುಮಾರು 49.5. ಎರಡನ್ನು ಸಾಲಾಗಿ ಜೋಡಿಸಿದರೆ 99, ಕಂಟ್ರೋಲರಿನ ಮಿತಿ 100 ವೋಲ್ಟ್ ಎಂದುಕೊಳ್ಳಿ. ಒಂದು ವೋಲ್ಟ್ ಉಳಿಯಿತಲ್ಲ ಎಂದು ಅಂಗಡಿಯವರು ಹೇಳಬಹುದು. ಆದರೆ ಆ 49.5 ಎನ್ನುವುದು 25 ಡಿಗ್ರಿ ಉಷ್ಣತೆಯ ಲೆಕ್ಕ. ತಂಪಾದಷ್ಟೂ ಡಿಗ್ರಿಗೆ ನೂರಕ್ಕೆ 0.27ರಷ್ಟು ವೋಲ್ಟೇಜ್ ಏರುತ್ತದೆ. ಚಿಕ್ಕಮಗಳೂರಿನ ಗಿರಿಯ ಬುಡದಲ್ಲಿ ಜನವರಿಯ ಬೆಳಗ್ಗೆ 12 ಡಿಗ್ರಿ ಇದ್ದು, ಮಂಜು ಸರಿದು ಮೊದಲ ಬಿಸಿಲು ಬಿದ್ದ ಕ್ಷಣದಲ್ಲಿ ಅದು 102 ದಾಟಿರುತ್ತದೆ. ಬಿಸಿಲಿನ ಬೇಗೆಗೆ ಸುಡದ ಕಂಟ್ರೋಲರ್ ಚಳಿಗೆ ಸುಡುವುದು ಹೀಗೆ. ತಂತಿ, ಫ್ಯೂಸುಗಳ ಆಂಪಿಯರ್ ವಿಷಯದಲ್ಲೂ ಕಾಲು ಭಾಗ ಸಡಿಲು ಬಿಡಬೇಕು. ಮಳೆ ಬಿಟ್ಟ ಮೇಲೆ ಮೋಡದ ಅಂಚಿನಿಂದ ಚದುರಿದ ಬೆಳಕೂ ನೇರ ಬಿಸಿಲೂ ಒಟ್ಟಾಗಿ ಬಿದ್ದು, ಪ್ಯಾನೆಲ್ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚನ್ನು ಕೆಲ ಕ್ಷಣ ಕೊಡುವುದುಂಟು.

ಬ್ಯಾಟರಿಯಿಲ್ಲದೆ ಲೈನಿಗೇ ಜೋಡಿಸುವ ಸೋಲಾರಿನವರಿಗೆ ಈ ರಗಳೆಗಳು ಹೆಚ್ಚಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುವುದು ಇಂಥದ್ದಕ್ಕೆ. ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಲೈನು ಬೆನ್ನಿಗಿರುವುದರಿಂದ, ಪ್ಯಾನೆಲ್ ಎರಡು ಕಿಲೋವ್ಯಾಟ್ ಕೊಡುವಾಗ ಮನೆ ನಾಲ್ಕು ಬೇಡಿದರೆ ಉಳಿದೆರಡು ಅಲ್ಲಿಂದ ಬರುತ್ತದೆ. ಮಂಜೂರಾದ ಲೋಡ್ ಮೀರದಿದ್ದರಾಯಿತು. ಆದರೆ ಲೈನ್ ಹೋದ ಕೂಡಲೇ ಇದೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ. ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯದಿರಲಿ ಎಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಇದನ್ನೂ ‘ಓವರ್‌ಲೋಡ್ ಆಗಿ ಟ್ರಿಪ್ ಆಯಿತು’ ಎಂದು ತಿಳಿದು ರಿಪೇರಿಗೆ ಕರೆಸಿದವರಿದ್ದಾರೆ.

ಭಾವನ ಮನೆಯಲ್ಲಿ ಕೊನೆಗೆ ಮಾಡಿದ್ದಿಷ್ಟು. ಇನ್ವರ್ಟರಿಗೆ ಬೇರೆಯದೇ ಲೈನ್ ಎಳೆದು ಬಲ್ಬು, ಮೊಬೈಲ್ ಚಾರ್ಜರ್, ವೈಫೈಗಳನ್ನು ಮಾತ್ರ ಅದರಲ್ಲಿ ಉಳಿಸಿದೆವು. ಟಿವಿಗೆ ಎರಡೂ ಕಡೆಯ ಪ್ಲಗ್ ಇಟ್ಟೆವು. ಸರಿಯಾದ ಅಳತೆಯ ಫ್ಯೂಸ್ ವಾಪಸ್ ಬಂತು. ಮಿಕ್ಸಿ ಇರುವ ಬೋರ್ಡು ಲೈನ್ ಕರೆಂಟಿಗೆ ಹೋಯಿತು. ಕರೆಂಟ್ ಇಲ್ಲದ ದಿನ ಚಟ್ನಿಗೆ ಒರಳು ಇದ್ದೇ ಇದೆ. ರಾತ್ರಿ ಹತ್ತಕ್ಕೆ ವೈಫೈ ಆಫ್ ಎಂಬ ಕಾನೂನನ್ನು ಅಕ್ಕನೇ ಮಾಡಿದಳು. ಈ ಸಲ ಫ್ರಿಜ್ ಕೊಂಡಿದ್ದಾರೆ. ಅದಕ್ಕೂ ಸೋಲಾರ್ ಕೊಡಬಹುದೇ ಎಂದು ಭಾವ ಕೇಳಿದಾಗ ನಾನು ಕಾಗದ ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ, “ಲೈನ್ ಇದ್ದಾಗ ಓಡಲಿ, ಸಾಕು. ಈ ಊರಿನ ಮಳೆಗಾಲದಲ್ಲಿ ಹಾಲನ್ನು ಹೊರಗಿಟ್ಟರೂ ಹೆಪ್ಪುಗಟ್ಟುವುದಿಲ್ಲ, ಇನ್ನು ಕೆಡುವುದೆಲ್ಲಿ ಬಂತು” ಎಂದಳು.